ಉಯಿಲಿನಲ್ಲಿ ದಾನದತ್ತಿ: ಕಡೂರು, ತರೀಕೆರೆ, ಅಜ್ಜಂಪುರ

ತಾನು ತೀರಿಕೊಂಡ ಮೇಲೆ ತನ್ನ ಆಸ್ತಿಯ ಒಂದು ಭಾಗ ಶಾಲೆಗೋ ಆಸ್ಪತ್ರೆಗೋ ದೇವಸ್ಥಾನಕ್ಕೋ ಬಡ ಮಕ್ಕಳ ಓದಿಗೋ ಸೇರಬೇಕೆಂದು ಒಬ್ಬರು ಬದುಕಿರುವಾಗಲೇ ಬರೆದಿಡುವ ಏರ್ಪಾಡೇ ದಾನದತ್ತಿ. ಅದನ್ನು ಉಯಿಲಿನ ಮೂಲಕ ಮಾಡಬಹುದು, ದಾನಪತ್ರದ ಮೂಲಕ ಮಾಡಬಹುದು, ಟ್ರಸ್ಟು ಕಟ್ಟಿಯೂ ಮಾಡಬಹುದು. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಒಂದು ಸಾಧಾರಣ ಕುಟುಂಬದ ಆಸ್ತಿಯೆಂದರೆ ತೆಂಗಿನ ಅಥವಾ ಅಡಿಕೆಯ ತೋಟ, ಒಂದಿಷ್ಟು ಖುಷ್ಕಿ ಜಮೀನು, ಊರಲ್ಲೋ ಪೇಟೆಯಲ್ಲೋ ಒಂದು ಮನೆ, ಬ್ಯಾಂಕಿನ ಠೇವಣಿ, ಒಡವೆ, ಜೀವವಿಮೆ. ಇದರಲ್ಲಿ ಯಾವುದನ್ನು ದಾನಕ್ಕೆ ಬರೆಯಬಹುದು, ಯಾವುದನ್ನು ಬರೆದರೂ ನಿಲ್ಲುವುದಿಲ್ಲ ಎಂಬುದು ಬರೆಯುವವರ ಮನಸ್ಸಿಗಿಂತ ಆ ಆಸ್ತಿಯ ಮೂಲವನ್ನು ಅವಲಂಬಿಸಿದೆ. ದಾನದ ಮನಸ್ಸಿಗೆ ಈ ಸೀಮೆಯಲ್ಲಿ ಬರಗಾಲವಿಲ್ಲ. ಬರೆದಿಟ್ಟ ದಾನ ತಲುಪಬೇಕಾದ ಕಡೆಗೆ ತಲುಪದೆ ಹೋಗುವುದು ಬಹುಮಟ್ಟಿಗೆ ಬರವಣಿಗೆಯ ಅಸ್ಪಷ್ಟತೆಯಿಂದ.

ಹಿನ್ನೆಲೆ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಯ ಶಾಸನಗಳದ್ದು. 1901ರಲ್ಲಿ ಹೊರಬಂದ ಆ ಸಂಪುಟದ ಬಹುಪಾಲು ಶಾಸನಗಳು ಒಂದಲ್ಲ ಒಂದು ಬಗೆಯ ದತ್ತಿಯ ದಾಖಲೆಗಳೇ. ತರೀಕೆರೆಗೆ ಹತ್ತಿರದ ಅಮೃತಾಪುರದಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ ಇಂದಿಗೂ ಪೂಜೆಯಲ್ಲಿದೆ. ಆ ಕಾಲದಲ್ಲಿ ದೇವಸ್ಥಾನಕ್ಕೆ ಮಾತ್ರ ಕೊಡುತ್ತಿದ್ದರೆಂದು ತಿಳಿಯಬಾರದು. ಕೆರೆ ಕಟ್ಟಿಸಿದವರಿಗೆ, ಅದನ್ನು ನೋಡಿಕೊಳ್ಳುವವರಿಗೆ ಬಿತ್ತುವಟ್ಟ, ಕಟ್ಟುಗೊಡಗೆಗಳೆಂದು ಭೂಮಿ ಬಿಡುತ್ತಿದ್ದರು. ದಾರಿಹೋಕರಿಗೆ ಅರವಟ್ಟಿಗೆ, ಊಟಕ್ಕೆ ಛತ್ರ ನಡೆಯುತ್ತಿದ್ದವು. ತೀರಿಹೋದ ತಂದೆ, ತಾಯಿ, ಗುರುಗಳ ಹೆಸರಿನಲ್ಲಿ ಮಾಡುವ ದತ್ತಿಗೆ ಪರೋಕ್ಷವಿನಯ ಎಂಬ ಹೆಸರೇ ಇತ್ತು.

ಈ ದಾನಗಳ ಕ್ರಮವನ್ನು ಗಮನಿಸಬೇಕು. ದಾನಿ ಬದುಕಿರುವಾಗಲೇ, ಊರಿನವರ ಎದುರಿನಲ್ಲಿ, ನೀರೆರೆದು ಧಾರಾಪೂರ್ವಕ ಕೊಡುತ್ತಿದ್ದ. ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು ಹಳ್ಳ, ಮರ, ಬಂಡೆ, ದಾರಿಗಳ ಗುರುತಿನೊಂದಿಗೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು ನೆಡಿಸುತ್ತಿದ್ದ. ಯಾರಿಗೆ, ಎಷ್ಟು, ಯಾವ ಕೆಲಸಕ್ಕೆ, ನೋಡಿಕೊಳ್ಳುವವರು ಯಾರು ಎಂಬ ನಾಲ್ಕಕ್ಕೂ ಶಾಸನದಲ್ಲಿ ಉತ್ತರವಿರುತ್ತಿತ್ತು. ಕೊನೆಯಲ್ಲಿ, ಕೊಟ್ಟದ್ದನ್ನು ಕಿತ್ತುಕೊಂಡವರಿಗೆ ಘೋರ ಪಾಪದ ಎಚ್ಚರಿಕೆ. ಇಂದಿನ ಉಯಿಲುಗಳಲ್ಲಿ ಬಹಳಷ್ಟು ಆ ಹಳೆಯ ಕಲ್ಲುಗಳಷ್ಟು ಖಚಿತವಾಗಿಲ್ಲ.

ಉಯಿಲು ಬಂದದ್ದು ತಡವಾಗಿ. ಪ್ರಾಚೀನ ಧರ್ಮಶಾಸ್ತ್ರಗಳು ಸತ್ತ ಮೇಲೆ ಜಾರಿಗೆ ಬರುವ ಇಂಥ ಪತ್ರವನ್ನು ಕಂಡಿರಲಿಲ್ಲ. ಬ್ರಿಟಿಷ್ ಕಾಲದ ನ್ಯಾಯಾಲಯಗಳಲ್ಲಿ ಅದು ರೂಢಿಯಾಯಿತು. 1870ರ ಹಿಂದೂ ಉಯಿಲು ಕಾಯ್ದೆಯ ಬಳಿಕ, ಇಂದಿಗೂ ಆಧಾರವಾಗಿರುವ ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರಲ್ಲಿ ಬಂತು.

ಹಳೇ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಈ ಸೀಮೆಯಲ್ಲಿ ದತ್ತಿ ಭೂಮಿಗಳ ಕಥೆ 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯ್ದೆಯೊಂದಿಗೆ ಬದಲಾಯಿತು. ದೇವಸ್ಥಾನದ ಇನಾಂ ಜಮೀನುಗಳು ಸರ್ಕಾರಕ್ಕೆ ಸೇರಿ, ಬಹುಪಾಲು ಉಳುವವರ ಕೈಗೆ ಹೋದವು. ದೇವಸ್ಥಾನಗಳಿಗೆ ಅದರ ಬದಲು ವರ್ಷಕ್ಕೆ ಇಂತಿಷ್ಟೆಂದು ತಸ್ತೀಕು ನಿಗದಿಯಾಯಿತು. ಉಳುವವನಿಗೆ ಭೂಮಿ ಸಿಕ್ಕದ್ದು ನ್ಯಾಯವೇ. ಆದರೆ ಭೂಮಿಯ ಬದಲಿಗೆ ಬಂದ ನಿಗದಿ ಹಣ ಬೆಲೆಯೇರಿಕೆಯಲ್ಲಿ ಸವೆದು ಹೋದದ್ದನ್ನು ಈ ಊರುಗಳ ಅರ್ಚಕರ ಮನೆಗಳು ಕಣ್ಣಾರೆ ಕಂಡಿವೆ. ಇಂದು ದತ್ತಿನಿಧಿ ಇಡುವವರೂ ಈ ಅನುಭವವನ್ನು ನೆನೆಯಬೇಕು.

ಮಾದರಿಯಾದ ಕೆಲವು ಏರ್ಪಾಡುಗಳು

ಕನ್ನಡ ನಾಡಿನಲ್ಲಿ ಉಯಿಲಿನ ದಾನವೆಂದಾಗ ಮೊದಲು ನೆನಪಾಗುವ ಹೆಸರು ತ್ಯಾಗವೀರ ಶಿರಸಂಗಿ ಲಿಂಗರಾಜರದು. ದತ್ತುಪುತ್ರರಾಗಿ ದೇಸಗತಿಗೆ ಬಂದ ಅವರು 1904ರಲ್ಲಿ ಧಾರವಾಡದಲ್ಲಿ ಸೇರಿದ ಅಖಿಲ ಭಾರತ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಉಯಿಲು ಬರೆದಿಟ್ಟರು. ಆ ಆಸ್ತಿಯ ಟ್ರಸ್ಟಿನ ನೆರವಿನಿಂದ ಉತ್ತರ ಕರ್ನಾಟಕದ ಅನೇಕ ಬಡ ವಿದ್ಯಾರ್ಥಿಗಳು ಮೇಲಿನ ಓದಿಗೆ ಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಗುಬ್ಬಿ ತೋಟದಪ್ಪನವರು ಹಿಡಿದ ದಾರಿ ಬೇರೆ. ಮಕ್ಕಳಿಲ್ಲದ ಈ ವ್ಯಾಪಾರಿ ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಪ್ರಯಾಣಿಕರಿಗೆ ಛತ್ರ ತೆರೆದರು, ವಿದ್ಯಾರ್ಥಿಗಳಿಗೆ ವಸತಿನಿಲಯ ನಡೆಸಿದರು. 1910ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಧರ್ಮಸಂಸ್ಥೆ ಕಣ್ಣೆದುರಿಗೆ ನಡೆಯುತ್ತಿತ್ತು. ವಾರಸುದಾರರ ಮರ್ಜಿಗೆ ಕಾಯಬೇಕಾಗಿರಲಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ ಎಷ್ಟೋ ಹಳೆಯ ತಲೆಗಳಿಗೆ ಆ ಛತ್ರ ಗೊತ್ತು.

ಜಮ್‌ಷೆಡ್‌ಜಿ ಟಾಟಾ ವಿಜ್ಞಾನ ಸಂಸ್ಥೆಗೆಂದು ಆಸ್ತಿ ಮೀಸಲಿಡುವ ಮಾತು ಕೊಟ್ಟು 1904ರಲ್ಲಿ ತೀರಿಕೊಂಡರು. ಮಕ್ಕಳಾದ ದೊರಾಬ್ ಮತ್ತು ರತನ್ ತಂದೆಯ ಮಾತನ್ನು ಉಳಿಸಿದರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಮುಂದೆ ರತನ್ ಟಾಟಾ ಅವರ ಉಯಿಲಿನಂತೆ 1919ರಲ್ಲಿ ಅವರ ಹೆಸರಿನ ಟ್ರಸ್ಟು ನೆಲೆಗೊಂಡಿತು.

ಜಗತ್ತಿನಲ್ಲಿ ಅತ್ಯಂತ ಹೆಸರಾದ ದಾನದ ಉಯಿಲು ಆಲ್ಫ್ರೆಡ್ ನೊಬೆಲ್ 1895ರ ನವೆಂಬರ್ 27ರಂದು ಬರೆದದ್ದು. ಅವರು ಹಣ ಇಟ್ಟರು, ಬಹುಮಾನದ ವಿಷಯಗಳನ್ನು ಹೇಳಿದರು. ಹಣವನ್ನು ಹಿಡಿದು ನಡೆಸುವ ಸಂಸ್ಥೆಯನ್ನೇ ಕಟ್ಟಿರಲಿಲ್ಲ. ಬಂಧುಗಳು ತಕರಾರು ತೆಗೆದರು. ಉಯಿಲಿನ ನಿರ್ವಾಹಕರಲ್ಲಿ ಒಬ್ಬರಾದ ರಾಗ್ನರ್ ಸೋಲ್ಮನ್ ವರ್ಷಗಟ್ಟಲೆ ಓಡಾಡದಿದ್ದರೆ 1901ರಲ್ಲಿ ಮೊದಲ ಬಹುಮಾನ ಕೊಡಲಾಗುತ್ತಿರಲಿಲ್ಲ. ನಿರ್ವಾಹಕ ಗಟ್ಟಿಗನಾಗಿರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಯಾವುದನ್ನು ಬರೆಯಬಹುದು

ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ವ್ಯಕ್ತಿ ಯಾರಿಗೆ ಬೇಕಾದರೂ ಬರೆಯಬಹುದು. ಮಕ್ಕಳಿಗೆ ಇಷ್ಟು ಪಾಲು ಬಿಡಲೇಬೇಕೆಂಬ ಕಟ್ಟು ನಮ್ಮ ಕಾನೂನಿನಲ್ಲಿಲ್ಲ. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೆ, ತೀರಿಕೊಂಡವರನ್ನೇ ನಂಬಿದ್ದ ವಿಧವೆ, ಅಪ್ರಾಪ್ತ ಮಕ್ಕಳು, ವೃದ್ಧ ತಂದೆತಾಯಿ ಮುಂತಾದವರಿಗೆ ಬಿಟ್ಟುಹೋದ ಆಸ್ತಿಯಿಂದ ಜೀವನಾಂಶ ಕೇಳುವ ಹಕ್ಕಿದೆ. ಮನೆಯಾಕೆಯನ್ನು ಬರಿಗೈಯಲ್ಲಿ ಬಿಟ್ಟು ಎಲ್ಲವನ್ನೂ ದಾನಕ್ಕೆ ಬರೆದರೆ ಆ ದಾನ ಕೋರ್ಟಿನ ಕಟ್ಟೆ ಹತ್ತುವುದು ಖಂಡಿತ, ಹತ್ತಬೇಕಾದದ್ದೂ ಹೌದು.

ಪಿತ್ರಾರ್ಜಿತ ಆಸ್ತಿಯಲ್ಲಿ ಉಯಿಲಿಗೂ ದಾನಪತ್ರಕ್ಕೂ ಇರುವ ವ್ಯತ್ಯಾಸ ಬಹಳ ಜನಕ್ಕೆ ತಿಳಿದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೆಯ ಕಲಮಿನಂತೆ ಕೂಡುಕುಟುಂಬದ ಆಸ್ತಿಯಲ್ಲಿ ತನ್ನ ಪಾಲಿನಷ್ಟನ್ನು ವಿಭಾಗವಾಗದಿದ್ದರೂ ಉಯಿಲು ಬರೆಯಬಹುದು. ಅದೇ ಪಾಲನ್ನು ವಿಭಾಗಕ್ಕೆ ಮುನ್ನ, ಉಳಿದವರ ಒಪ್ಪಿಗೆಯಿಲ್ಲದೆ ದಾನಪತ್ರ ಮಾಡಿಕೊಡುವಂತಿಲ್ಲ. ಕುಟುಂಬದ ಯಜಮಾನ ಧರ್ಮಕಾರ್ಯಕ್ಕೆ ಹಿತಮಿತವಾದ ಒಂದು ಭಾಗವನ್ನು ಕೊಡುವ ಅವಕಾಶವೊಂದು ಮಾತ್ರ ಹಳೆಯ ಕಾಲದಿಂದ ಉಳಿದುಬಂದಿದೆ. ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಇದರ ಎಲ್ಲೆಯನ್ನು ಗುರುತಿಸಿತು: ಪ್ರೀತಿವಿಶ್ವಾಸದಿಂದ ಕೊಟ್ಟದ್ದು ಧರ್ಮಕಾರ್ಯವಲ್ಲ, ದೇವತಾಕಾರ್ಯಕ್ಕೋ ಲೋಕೋಪಕಾರಕ್ಕೋ ಕೊಟ್ಟದ್ದಷ್ಟೇ ಆ ಹೆಸರಿಗೆ ಸಲ್ಲುತ್ತದೆ.

ಪಾಲು ಎಷ್ಟೆಂಬ ಲೆಕ್ಕವೂ ಬದಲಾಗಿದೆ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಅಂದಿಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಕಟ್ಟನ್ನೂ ತೆಗೆಯಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಹೇಳಿತು. ಗಂಡುಮಕ್ಕಳನ್ನಷ್ಟೇ ಎಣಿಸಿ ತನ್ನ ಪಾಲು ಮೂರರಲ್ಲಿ ಒಂದೆಂದು ತಿಳಿದು ಎರಡು ಎಕರೆ ತೋಟವನ್ನು ಮಠಕ್ಕೆ ಬರೆದವರ ನಿಜವಾದ ಪಾಲು, ಹೆಣ್ಣುಮಕ್ಕಳನ್ನು ಎಣಿಸಿದಾಗ ಐದರಲ್ಲಿ ಒಂದಾಗಬಹುದು. ಆಗ ಮಠಕ್ಕೂ ಮನೆಯ ಹೆಣ್ಣುಮಕ್ಕಳಿಗೂ ವ್ಯಾಜ್ಯ ಹಚ್ಚಿ ಹೋದಂತಾಗುತ್ತದೆ.

ಮುಸ್ಲಿಂ ಕುಟುಂಬಗಳಲ್ಲಿ ವಸಿಯತ್ತಿನ ಮಿತಿ ಮೂರನೆಯ ಒಂದು ಭಾಗ. ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರಲ್ಲಿ ಅಷ್ಟನ್ನು ಮಾತ್ರ ಹೊರಗೆ ಕೊಡಬಹುದು. ಹೆಚ್ಚಾದರೆ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಿಗೆ ಉತ್ತರಾಧಿಕಾರ ಕಾಯ್ದೆಯ 118ನೆಯ ಕಲಮು ದೊಡ್ಡ ಅಡ್ಡಿಯಾಗಿತ್ತು. ಹತ್ತಿರದ ಬಂಧುಗಳಿರುವವರು ಧರ್ಮಕ್ಕೆ ಬರೆಯುವ ಉಯಿಲು ಸಾಯುವುದಕ್ಕೆ ಹನ್ನೆರಡು ತಿಂಗಳ ಮೊದಲೇ ಆಗಿರಬೇಕು, ಬರೆದ ಆರು ತಿಂಗಳೊಳಗೆ ಅದನ್ನು ಸರ್ಕಾರದ ಸುಪರ್ದಿಗೆ ಒಪ್ಪಿಸಿರಬೇಕು ಎಂದು ಅದು ಹೇಳುತ್ತಿತ್ತು. ಕೇರಳದ ಪಾದ್ರಿಯೊಬ್ಬರು ಹೂಡಿದ ಮೊಕದ್ದಮೆಯಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಸಮಾನತೆಗೆ ವಿರುದ್ಧವೆಂದು ರದ್ದುಮಾಡಿತು.

ಜಮೀನಿನ ಬಗೆಯನ್ನೂ ನೋಡಬೇಕು. ಬಗರ್ ಹುಕುಂ ಸಾಗುವಳಿಯ ನೆಲಕ್ಕೆ ಸಾಗುವಳಿ ಚೀಟಿ ಸಿಗದಿದ್ದರೆ ಅದು ಬರೆದುಕೊಡಲು ನಮ್ಮದಲ್ಲ. ಗೋಮಾಳವೂ ಅಷ್ಟೇ, ಅಜ್ಜಂಪುರ ಸುತ್ತಿನ ಅಮೃತಮಹಲ್ ಕಾವಲೂ ಅಷ್ಟೇ. ದರಖಾಸ್ತಿನಲ್ಲಿ ಮಂಜೂರಾದ ನೆಲಕ್ಕೆ ಪರಭಾರೆಯ ನಿರ್ಬಂಧದ ಅವಧಿ ಮುಗಿದಿದೆಯೇ ಎಂದು ಮಂಜೂರಾತಿ ಪತ್ರದಲ್ಲಿ ಓದಿಕೊಳ್ಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ದಾನ ಮಾಡುವಂತಿಲ್ಲ. ಆದರೆ ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಉಯಿಲು ವರ್ಗಾವಣೆಯಾಗಿ ಎಣಿಕೆಯಾಗುವುದಿಲ್ಲ. ಟ್ರಸ್ಟು, ಸಂಘಸಂಸ್ಥೆಗಳು ಕೃಷಿ ಜಮೀನು ಹೊಂದದಂತೆ ಭೂಸುಧಾರಣಾ ಕಾಯ್ದೆಯ 79ಬಿ ಕಲಮು ಬಹುಕಾಲ ತಡೆದಿತ್ತು. ತೋಟವನ್ನು ಶಾಲೆಗೆ, ಆಶ್ರಮಕ್ಕೆ ಬಿಡಬೇಕೆಂದವರು ಆ ದಿನಗಳಲ್ಲಿ ಪಟ್ಟ ಪಾಡು ಸಣ್ಣದಲ್ಲ. 2020ರಲ್ಲಿ ಆ ಕಲಮನ್ನು ತೆಗೆದುಹಾಕಿದರು.

ಬರೆಯುವ ಕ್ರಮ

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳು ಬರೆದವರ ಎದುರಿನಲ್ಲೇ ಸಹಿ ಮಾಡಿದರೆ ಕಾನೂನಿಗೆ ಸಾಕು. ಹಾಗಿದ್ದರೂ ನೋಂದಣಿ ಮಾಡಿಸುವುದು ಮೇಲು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಉಯಿಲುಗಳಿಗೆ ಮೂರನೆಯ ಪುಸ್ತಕವೆಂದು ಪ್ರತ್ಯೇಕ ವಹಿಯಿದೆ. ಬರೆದವರು ಬದುಕಿರುವವರೆಗೆ ಅದರ ನಕಲನ್ನು ಅವರಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಯಾರಿಗೂ ತೋರಿಸಲು ಇಷ್ಟವಿಲ್ಲದವರು ಅರಗಿನ ಮುದ್ರೆಯೊತ್ತಿದ ಲಕೋಟೆಯಲ್ಲಿ ಉಯಿಲನ್ನಿಟ್ಟು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಈ ತಾಲ್ಲೂಕುಗಳ ಹಿಂದೂ ಉಯಿಲುಗಳಿಗೆ ಪ್ರೊಬೇಟ್, ಅಂದರೆ ಉಯಿಲಿಗೆ ನ್ಯಾಯಾಲಯದ ದೃಢೀಕರಣ, ಕಡ್ಡಾಯವಲ್ಲ.

ಸಾಕ್ಷಿಗಳು ಬರೆದವರಿಗಿಂತ ಚಿಕ್ಕವರಾಗಿರಲಿ. ಉಯಿಲು ವಿವಾದಕ್ಕೆ ಬಿದ್ದಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಿಕೆ ಕೊಡಬೇಕಾಗುತ್ತದೆ. ಅನುಮಾನಕ್ಕೆ ಎಡೆಯಿರುವ ಉಯಿಲನ್ನು ಸಾಬೀತುಪಡಿಸುವುದು ಹೇಗೆಂದು ದೇಶಕ್ಕೆಲ್ಲ ದಾರಿ ತೋರಿದ ತೀರ್ಪು, 1959ರ ವರದಿಗಳಲ್ಲಿ ಅಚ್ಚಾದ ವೆಂಕಟಾಚಲ ಅಯ್ಯಂಗಾರ್ ಪ್ರಕರಣ, ಹೊರಟದ್ದು ಮೈಸೂರು ಸೀಮೆಯಿಂದಲೇ. ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅನುಮಾನ ಮೊದಲು ಅಲ್ಲಿಂದ ಹುಟ್ಟುತ್ತದೆಂದು ಆ ತೀರ್ಪು ಹೇಳುತ್ತದೆ. ದಾನ ಪಡೆಯುವ ಸಂಸ್ಥೆಯ ಕಾರ್ಯದರ್ಶಿಯೋ ಟ್ರಸ್ಟಿಯೋ ಸಾಕ್ಷಿಯಾಗುವುದು, ಪತ್ರ ಬರಹಗಾರರನ್ನು ಕರೆತರುವುದು ಆದ್ದರಿಂದ ಸಲ್ಲದು.

ಇನ್ನು ಬರವಣಿಗೆ. ಪತ್ರ ಬರಹಗಾರರ ಕೈಯಲ್ಲಿ ಬಂದ ಎಷ್ಟೋ ಉಯಿಲುಗಳಲ್ಲಿ ದಾನದ ಮಾತು ಹೀಗಿರುತ್ತದೆ: ನನ್ನ ಕಾಲಾನಂತರ ಉಳಿದ ಹಣವನ್ನು ನನ್ನ ಮಕ್ಕಳು ಧರ್ಮಕ್ಕೆ ಉಪಯೋಗಿಸತಕ್ಕದ್ದು. ಓದಲು ಹಿತವಾಗಿದೆ. ಆದರೆ 1899ರಲ್ಲಿ ಮುಂಬೈ ಪ್ರಾಂತದ ಪ್ರಕರಣವೊಂದರಲ್ಲಿ ಪ್ರಿವಿ ಕೌನ್ಸಿಲ್ ಇಂಥ ಬರವಣಿಗೆಯನ್ನು ತಳ್ಳಿಹಾಕಿತು. ಬರೀ ಧರ್ಮಕ್ಕೆ ಎಂದರೆ ಯಾವ ಕೆಲಸಕ್ಕೆಂದು ಕೋರ್ಟು ಜಾರಿ ಮಾಡಿಸಲಾಗದು, ಅನಿಶ್ಚಿತವಾದ ಕಾರಣ ಆ ದಾನವೇ ನಿಲ್ಲದು ಎಂದಿತು. ಹಣ ಮತ್ತೆ ವಾರಸುದಾರರಿಗೇ ಹೋಗುತ್ತದೆ. ಇದೇ ಆಸೆಯನ್ನು ಗಟ್ಟಿಯಾಗಿ ಬರೆಯುವುದು ಹೀಗೆ: ನನ್ನ ಬ್ಯಾಂಕು ಠೇವಣಿಗಳಿಂದ, ಅಂತ್ಯಕ್ರಿಯೆಯ ಖರ್ಚು ಮತ್ತು ಸೊಸೈಟಿ ಸಾಲ ತೀರಿದ ಮೇಲೆ, ಮೂರು ಲಕ್ಷ ರೂಪಾಯಿಗಳನ್ನು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ಸೇರುವ ಬಡ ಹೆಣ್ಣುಮಕ್ಕಳ ಶುಲ್ಕಕ್ಕೆ ಕೊಡತಕ್ಕದ್ದು, ಆ ಶಾಲೆ ಮುಚ್ಚಿಹೋದರೆ ಅಥವಾ ಬೇರೆ ಶಾಲೆಯೊಂದಿಗೆ ವಿಲೀನವಾದರೆ ಅದೇ ಹೋಬಳಿಯ ಬೇರೆ ಸರ್ಕಾರಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಸಲ್ಲತಕ್ಕದ್ದು, ಇದನ್ನು ನನ್ನ ತಂಗಿಯ ಮಗ ನೆರವೇರಿಸತಕ್ಕದ್ದು, ಅವನಿಂದಾಗದಿದ್ದರೆ ನನ್ನ ಹಿರಿಯ ಮಗಳು. ಇಲ್ಲಿ ಎಲ್ಲರ ಪೂರ್ತಿ ಹೆಸರು, ತಂದೆಯ ಹೆಸರು, ವಿಳಾಸ ಬರಬೇಕು. ಬದಲಿ ಸಂಸ್ಥೆಯ ಮಾತು ಅತಿ ಎಚ್ಚರವೆಂದು ಕಾಣಬಹುದು. ಆದರೆ ಮಕ್ಕಳ ಸಂಖ್ಯೆ ಕಡಿಮೆಯಾಗಿ ಶಾಲೆಗಳು ಮುಚ್ಚುವ ಕಾಲವಿದು. ಬರೆದ ಹತ್ತು ಹದಿನೈದು ವರ್ಷಗಳ ಮೇಲೆ ತೆರೆಯುವ ಪತ್ರಕ್ಕೆ ಆ ಎಚ್ಚರ ಬೇಕು.

ಜಮೀನಿನ ವಿವರದಲ್ಲಿ ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ಚಕ್ಕುಬಂದಿ ನಾಲ್ಕೂ ಸರಿಯಿರಬೇಕು. ಅಜ್ಜಂಪುರದವರಿಗೆ ಇನ್ನೊಂದು ತೊಡಕಿದೆ. ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿನ ಹೋಬಳಿಯಾಗಿತ್ತು, ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಅಜ್ಜನ ಕಾಲದ ಕ್ರಯಪತ್ರದಲ್ಲಿ ತರೀಕೆರೆ ತಾಲ್ಲೂಕೆಂದೂ ಇಂದಿನ ಪಹಣಿಯಲ್ಲಿ ಅಜ್ಜಂಪುರ ತಾಲ್ಲೂಕೆಂದೂ ಇರುತ್ತದೆ. ಉಯಿಲಿನಲ್ಲಿ ಎರಡನ್ನೂ ಕಾಣಿಸಿದರೆ ಮುಂದೆ ಖಾತೆ ಬದಲಾವಣೆಗೆ ಅಲೆದಾಟ ತಪ್ಪುತ್ತದೆ. ತಂದೆಯ ಹೆಸರಿನಲ್ಲೇ ಪಹಣಿ ನಿಂತಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಬೇಕು. ಪೋಡಿಯಾಗದ ಜಂಟಿ ನಂಬರಿನಲ್ಲಿ ಮೂಲೆಯ ಹತ್ತು ಗುಂಟೆ ಶಾಲೆಗೆ ಎಂದು ಬರೆದರೆ ಯಾವ ಮೂಲೆಯೆಂದು ಅಳೆಯುವವರಿಲ್ಲ.

ಬರೆದ ಜಮೀನು ಸಾಯುವ ಹೊತ್ತಿಗೆ ಕೈಯಲ್ಲಿ ಇರದಿದ್ದರೆ ಆ ದಾನ ತಾನಾಗಿ ಬಿದ್ದುಹೋಗುತ್ತದೆ. ತುಮಕೂರು–ಶಿವಮೊಗ್ಗ ಹೆದ್ದಾರಿ ಅಗಲೀಕರಣ ಕಡೂರು, ಬೀರೂರು, ತರೀಕೆರೆಯ ಉದ್ದಕ್ಕೂ ಜಮೀನು ತೆಗೆದುಕೊಂಡಿದೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ, ಕಾಲುವೆಗಳು ಅಜ್ಜಂಪುರ ಸೀ­ಮೆಯಲ್ಲಿ ಹಾದುಹೋಗಿವೆ. ಭೂಸ್ವಾಧೀನವಾದರೆ ಪರಿಹಾರದ ಹಣದಲ್ಲಿ ಇಷ್ಟು ಭಾಗ ಅದೇ ಉದ್ದೇಶಕ್ಕೆ ಸಲ್ಲಬೇಕೆಂಬ ಒಂದು ಸಾಲು ಸೇರಿಸಿದರೆ ದಾನ ಉಳಿಯುತ್ತದೆ.

ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇನೆ, ಉಯಿಲು ಯಾಕೆ ಎನ್ನುವವರಿದ್ದಾರೆ. ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆಯುವವರು ಮಾತ್ರ, ಒಡೆಯರಲ್ಲ. ಜೀವವಿಮೆಯ ವಿಷಯದಲ್ಲಿ 1984ರಲ್ಲೂ ಷೇರುಗಳ ವಿಷಯದಲ್ಲಿ 2023ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ, ಜೀವವಿಮೆಯ ನಿಯಮ ಮಾತ್ರ 2015ರ ತಿದ್ದುಪಡಿಯಿಂದ ಹತ್ತಿರದ ಬಂಧುಗಳಾದ ನಾಮಿನಿಗಳ ಪರವಾಗಿ ಬದಲಾಗಿದೆ. ಒಡೆತನವನ್ನು ತೀರ್ಮಾನಿಸುವುದು ಉಯಿಲು, ಅದಿಲ್ಲದಿದ್ದರೆ ಉತ್ತರಾಧಿಕಾರದ ಕಾನೂನು.

ಉಯಿಲೋ ದಾನಪತ್ರವೋ

ಉಯಿಲನ್ನು ಬರೆದವರು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಸ್ಥಿರಾಸ್ತಿಯ ದಾನಪತ್ರಕ್ಕೆ ನೋಂದಣಿ ಕಡ್ಡಾಯ, ಪಡೆಯುವವರು ದಾನಿ ಬದುಕಿರುವಾಗಲೇ ಒಪ್ಪಿಕೊಂಡಿರಬೇಕು, ಹೊರಗಿನವರಿಗೆ ಕೊಟ್ಟರೆ ಮುದ್ರಾಂಕ ಶುಲ್ಕವಿದೆ, ಒಮ್ಮೆ ಕೊಟ್ಟರೆ ಸಾಮಾನ್ಯವಾಗಿ ಹಿಂತೆಗೆಯುವಂತಿಲ್ಲ. ಮುಪ್ಪಿನಲ್ಲಿ ಆಸ್ತಿ ಕೈಯಲ್ಲಿರಲಿ ಎನ್ನುವವರಿಗೆ ಉಯಿಲು ಸರಿ. ಆದರೆ ಊರಿನ ಶಾಲೆಗೋ ಅಂಗನವಾಡಿಗೋ ಜಾಗ ಕೊಡುವುದಾದರೆ ದಾನಪತ್ರವೇ ಮೇಲು. ಹಿಂದಿನ ತಲೆಮಾರು ಬಾಯಿಮಾತಿನಲ್ಲಿ ಕೊಟ್ಟ ಜಾಗಗಳಲ್ಲಿ ನಿಂತಿರುವ ಸರ್ಕಾರಿ ಶಾಲೆಗಳು ನಾಡಿನಲ್ಲಿ ಬಹಳಷ್ಟಿವೆ. ಪಹಣಿ ಇನ್ನೂ ದಾನಿಯ ಹೆಸರಿನಲ್ಲೇ ಇದ್ದು, ಮೊಮ್ಮಕ್ಕಳು ಬಂದು ಆಟದ ಮೈದಾನಕ್ಕೆ ಬೇಲಿ ಹಾಕಿದಾಗ ಮುಖ್ಯೋಪಾಧ್ಯಾಯರ ಕೈಯಲ್ಲಿ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಅಜ್ಜ ಕೊಟ್ಟದ್ದು ಸುಳ್ಳಲ್ಲ, ಮೊಮ್ಮಕ್ಕಳ ಹೆಸರಿಗೆ ದಾಖಲೆ ಬಂದದ್ದೂ ಸುಳ್ಳಲ್ಲ. ಹೀಗಾಗದಿರಲು ದಾನಪತ್ರವನ್ನು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಹೆಸರಿಗೆ ಬರೆಯದೆ ಶಿಕ್ಷಣ ಇಲಾಖೆಯ ಪರವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಯನ್ನು ಕಂಡು ದಾಖಲೆ ಮಾಡಿಸಬೇಕು. ಕಡೂರು ತಾಲ್ಲೂಕೊಂದರಲ್ಲೇ ಕಡೂರು, ಬೀರೂರು ಎಂದು ಎರಡು ಶೈಕ್ಷಣಿಕ ವಲಯಗಳಿವೆ. ಶಾಲೆ ಯಾವುದಕ್ಕೆ ಸೇರಿದೆಯೆಂದು ನೋಡಿಕೊಳ್ಳಬೇಕು.

ಮನೆಯನ್ನು ಕೊಡುವವರು ಜೀವಿತಾವಧಿಯ ಅನುಭೋಗದ ಹಕ್ಕನ್ನು ತಮಗೂ ತಮ್ಮ ಸಂಗಾತಿಗೂ ಇಟ್ಟುಕೊಂಡು ದಾನಪತ್ರ ಮಾಡಿಸಬಹುದು. ದಾನ ನೆಲೆಗೊಳ್ಳುತ್ತದೆ, ತಲೆಯ ಮೇಲಿನ ಸೂರೂ ಉಳಿಯುತ್ತದೆ.

ಬಾಗಾಯ್ತು ಜಮೀನನ್ನು ಹಾಗೇ ಸಂಸ್ಥೆಗೆ ಬಿಡುವ ಮುನ್ನ ಆ ಸಂಸ್ಥೆಯನ್ನು ಒಂದು ಮಾತು ಕೇಳುವುದು ಒಳ್ಳೆಯದು. ತೆಂಗಿನ ತೋಟಕ್ಕೆ ನೀರು, ಗೊಬ್ಬರ, ಕಾಯಿ ಕೀಳಿಸುವವರು ಬೇಕು. ಕಡೂರು ಕಡೆ ಕೊಳವೆಬಾವಿ ಬತ್ತಿದರೆ ಎರಡು ಬೇಸಿಗೆಯಲ್ಲಿ ಗಿಡದ ಸುಳಿ ಒಣಗುತ್ತದೆ. ದೂರದ ಅನಾಥಾಲಯವೊಂದಕ್ಕೆ ಅದು ಆದಾಯವಾಗುವ ಬದಲು ಹೊರೆಯಾಗಬಹುದು. ತೋಟವನ್ನು ಮಾರಿ ಬಂದ ಹಣ ಕೊಡಲು ನಿರ್ವಾಹಕನಿಗೆ ಅಧಿಕಾರ ಕೊಡುವುದು, ಅಥವಾ ತೋಟವನ್ನು ಮಕ್ಕಳಿಗೇ ಬಿಟ್ಟು ಅವರು ಇಂತಿಷ್ಟು ಹಣವನ್ನು ದಾನಕ್ಕೆ ಕಟ್ಟಬೇಕೆಂದು ಷರತ್ತು ಹಾಕುವುದು ಇದಕ್ಕಿಂತ ಸಲೀಸು.

ದತ್ತಿನಿಧಿ ಮತ್ತು ಟ್ರಸ್ಟು

ಸಣ್ಣ ಮೊತ್ತ ಬಿಡುವವರಿಗೆ ಕನ್ನಡ ನಾಡಿನಲ್ಲಿ ರೂಢಿಯಾದ ಹಾದಿ ದತ್ತಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಇಂಥ ದತ್ತಿಗಳು ಹೇರಳವಾಗಿವೆ. ತಂದೆತಾಯಿಯ ಹೆಸರಿನಲ್ಲಿ ಇಟ್ಟ ಮೂಲಧನ ಹಾಗೇ ಉಳಿದು, ಬಡ್ಡಿಯಲ್ಲಿ ಪುಸ್ತಕ ಬಹುಮಾನ, ದತ್ತಿ ಉಪನ್ಯಾಸ ನಡೆಯುತ್ತವೆ. ತಾಲ್ಲೂಕು ಘಟಕಗಳು ಇವನ್ನು ಶಾಲೆ ಕಾಲೇಜುಗಳಿಗೆ ಒಯ್ಯುತ್ತವೆ. ವಿಶ್ವವಿದ್ಯಾಲಯಗಳ ಚಿನ್ನದ ಪದಕಗಳು, ದೇವಸ್ಥಾನಗಳ ಶಾಶ್ವತ ಪೂಜೆ, ಮಠಗಳ ಅನ್ನದಾಸೋಹದ ನಿಧಿ ಎಲ್ಲವೂ ಇದೇ ಕ್ರಮದವು. ಮುಜರಾಯಿ ದೇವಸ್ಥಾನಕ್ಕಾದರೆ ಹಣ ಅರ್ಚಕರ ಕೈಗಲ್ಲ, ದೇವಸ್ಥಾನದ ಖಾತೆಗೆ ಹೋಗಬೇಕು.

ತಸ್ತೀಕಿನ ಪಾಠ ಬೇಕಾಗುವುದು ಇಲ್ಲಿ. ಹತ್ತು ಸಾವಿರದ ಠೇವಣಿಗೆ ನೂರಕ್ಕೆ ಹತ್ತರ ಬಡ್ಡಿಯಿದ್ದಾಗ ವರ್ಷಕ್ಕೆ ಸಾವಿರ ಬರುತ್ತಿತ್ತು. ಬಡ್ಡಿ ಆರಕ್ಕಿಳಿದರೆ ಆರುನೂರು, ಅಷ್ಟರಲ್ಲಿ ಬಹುಮಾನದ ಪುಸ್ತಕದ ಬೆಲೆ ಹಲವು ಪಟ್ಟು ಏರಿರುತ್ತದೆ. ಬಡ್ಡಿಯ ಒಂದು ಪಾಲನ್ನು ಪ್ರತಿವರ್ಷ ಮೂಲಕ್ಕೆ ಸೇರಿಸಬೇಕು, ಮೊತ್ತ ಸಾಲದಾದಾಗ ಅದೇ ಬಗೆಯ ಬೇರೆ ದತ್ತಿಯೊಂದಿಗೆ ಕೂಡಿಸಬಹುದು ಎಂದು ಬರೆದಿಟ್ಟರೆ ದತ್ತಿ ಬಹುಕಾಲ ಬಾಳುತ್ತದೆ. ಎಷ್ಟು ಕಾಲವಾದರೂ ನಡೆಯಬಹುದು ಕೂಡ: ಖಾಸಗಿ ಆಸ್ತಿಯನ್ನು ತಲೆತಲಾಂತರಕ್ಕೆ ಕಟ್ಟಿಹಾಕಬಾರದೆಂಬ ಕಾನೂನಿನ ನಿಯಮ ಲೋಕೋಪಕಾರದ ದಾನಕ್ಕೆ ಅನ್ವಯಿಸುವುದಿಲ್ಲ.

ಸ್ವಂತ ಟ್ರಸ್ಟು ಕಟ್ಟುವ ಆಸೆ ಅನೇಕರಿಗೆ ಇರುತ್ತದೆ. ದೊಡ್ಡ ಆಸ್ತಿ, ನಂಬಿಕಸ್ತ ಟ್ರಸ್ಟಿಗಳು, ವರ್ಷವರ್ಷ ಲೆಕ್ಕಪರಿಶೋಧನೆ ಮಾಡಿಸುವ ಶಕ್ತಿ ಮೂರೂ ಇದ್ದರೆ ಕಟ್ಟಲಿ. ಕೆಲವೇ ಲಕ್ಷಕ್ಕೆ ಟ್ರಸ್ಟು ಬೇಡ. ಹಣವೆಲ್ಲ ಲೆಕ್ಕಪತ್ರಕ್ಕೇ ಹೋಗುತ್ತದೆ. ಮಹಾರಾಷ್ಟ್ರದಲ್ಲಿರುವಂತೆ ಟ್ರಸ್ಟುಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನರ್ ಈ ಸೀಮೆಯಲ್ಲಿಲ್ಲ. ಟ್ರಸ್ಟು ದಾರಿ ತಪ್ಪಿದರೆ ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರಾದರೂ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಡಿ ದಾವೆ ಹೂಡಬೇಕು. ಮೂಲ ಉದ್ದೇಶ ಅಸಾಧ್ಯವಾದಾಗ ಅದಕ್ಕೆ ಹತ್ತಿರದ ಉದ್ದೇಶಕ್ಕೆ ಆಸ್ತಿಯನ್ನು ತಿರುಗಿಸುವ ಅಧಿಕಾರವೂ ಅದೇ ಕಲಮಿನಡಿ ನ್ಯಾಯಾಲಯಕ್ಕಿದೆ.

ತೆರಿಗೆ, ಹೊರನಾಡು

ಇಂಗ್ಲೆಂಡಿನಲ್ಲಿ ಸತ್ತವರ ಆಸ್ತಿಯಲ್ಲಿ ನಿಗದಿತ ಮಿತಿ ಮೀರಿದ ಭಾಗಕ್ಕೆ ನೂರಕ್ಕೆ 40ರಷ್ಟು ತೆರಿಗೆಯಿದೆ. ತೆರಿಗೆಗೆ ಒಳಪಡುವ ಆಸ್ತಿಯಲ್ಲಿ ಹತ್ತನೆಯ ಒಂದು ಭಾಗವನ್ನು ದಾನಕ್ಕೆ ಬಿಟ್ಟರೆ ಅದು 36ಕ್ಕೆ ಇಳಿಯುತ್ತದೆ. ಅಮೆರಿಕದಲ್ಲೂ ದಾನಕ್ಕೆ ಬಿಟ್ಟ ಭಾಗಕ್ಕೆ ಇಂಥ ತೆರಿಗೆಯಿಲ್ಲ. ಭಾರತದಲ್ಲಿ ಇಂಥದೇ ತೆರಿಗೆಯಾಗಿದ್ದ 1953ರ ಎಸ್ಟೇಟ್ ಡ್ಯೂಟಿ 1985ರಲ್ಲಿ ರದ್ದಾದ್ದರಿಂದ ಇಲ್ಲಿ ಉಯಿಲಿನ ದಾನಕ್ಕೆ ತೆರಿಗೆಯ ಆಸೆ ಕಾರಣವಲ್ಲ. ಆದಾಯ ತೆರಿಗೆಯಲ್ಲಿ ದಾನಕ್ಕಿರುವ (80ಜಿ) ವಿನಾಯಿತಿ ಬದುಕಿರುವಾಗ ಕೊಟ್ಟ ಹಣಕ್ಕೆ ಮಾತ್ರ ಸಿಗುವುದು.

ಈ ತಾಲ್ಲೂಕುಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿ ಊರಿನ ಶಾಲೆಗೆ, ದೇವಸ್ಥಾನಕ್ಕೆ ಉಯಿಲಿನಲ್ಲಿ ಬಿಡುವುದುಂಟು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರ ದಾನಕ್ಕೆ ತೊಡಕಿಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ 2010ರ ವಿದೇಶಿ ವಂತಿಗೆ ಕಾಯ್ದೆಗೆ ಒಳಪಡುತ್ತದೆ. ಪಡೆಯುವ ಸಂಸ್ಥೆಗೆ ಆ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದಿದ್ದರೆ ಹಣ ಮುಟ್ಟುವಂತಿಲ್ಲ. ಹಳ್ಳಿಯ ಬಹುತೇಕ ಸಂಘಗಳಿಗೆ ಅದಿರುವುದಿಲ್ಲ.

ಕಣ್ಣು, ದೇಹ

ದೇಹ ಆಸ್ತಿಯಲ್ಲ, ಆದ್ದರಿಂದ ಉತ್ತರಾಧಿಕಾರ ಕಾಯ್ದೆ ಅದನ್ನು ಮುಟ್ಟುವುದಿಲ್ಲ. ವೈದ್ಯಕೀಯ ಕಾಲೇಜಿಗೆ ದೇಹದಾನ 1957ರ ಕರ್ನಾಟಕ ಅಂಗರಚನಾ ಕಾಯ್ದೆಯಡಿ ನಡೆಯುತ್ತದೆ. ಬದುಕಿರುವಾಗ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದರೂ ಕೊನೆಯಲ್ಲಿ ಮನೆಯವರು ಮುಂದೆ ಬಂದರೆ ಮಾತ್ರ ಅದು ನೆರವೇರುತ್ತದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕುಟುಂಬದವರು ಕಣ್ಣುಗಳನ್ನು ದಾನ ಮಾಡಿದ ಮೇಲೆ ನೇತ್ರದಾನಕ್ಕೆ ಹೆಸರು ನೋಂದಾಯಿಸುವವರು ಹಳ್ಳಿಹಳ್ಳಿಗಳಲ್ಲೂ ಹೆಚ್ಚಿದರು. ಈ ಆಸೆಯನ್ನು ಉಯಿಲಿನೊಳಗೆ ಬರೆದು ಮುಚ್ಚಿಡಬಾರದು. ಕಣ್ಣನ್ನು ಸಾವಿನ ಆರು ಗಂಟೆಯೊಳಗೆ ತೆಗೆಯಬೇಕು. ಉಯಿಲನ್ನು ಸಾಮಾನ್ಯವಾಗಿ ತೆರೆಯುವುದು ತಿಥಿ ಮುಗಿದ ಮೇಲೆ. ಹೆಂಡತಿ, ಗಂಡ, ಮಕ್ಕಳಿಗೆ ಬಾಯಿಬಿಟ್ಟು ಹೇಳಿ, ಹತ್ತಿರದ ನೇತ್ರ ಭಂಡಾರದ ದೂರವಾಣಿ ಸಂಖ್ಯೆಯನ್ನು ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆದಿಡಬೇಕು.